ಸೊನ್ನೆ ಕಿಟಕಿಯ ಕಡೆಗೆ

ಜೆಲುಟಾಂಗ್, ಪಿನಾಂಗ್
೨ ಏಪ್ರಿಲ್ ೧೯೯೭

ಪ್ರೀತಿಯ ರೋಕಿಯಾ ಅಕ್ಕನಿಗೆ,

ಈ ಕಾಗದ ಯಾರದೆಂದು ನೋಡಲು ನೀವು ಮೊದಲು ಕೊನೆಯ ಸಾಲಿಗೆ ಹೋಗಿರುತ್ತೀರಿ. ಹೌದು, ನಾನೇ, ಬೀ ಸುವಾನ್. ಹದಿಮೂರು ವರ್ಷ ಒಂದು ಸಾಲೂ ಬರೆಯದವಳು. ನಮ್ಮ ಎದುರಿನ ಕೋಣೆಯಲ್ಲಿ ಕೆಲಸಕ್ಕಿದ್ದ ಸೆಲ್ಲದುರೈ ಅವರ ಹೆಂಡತಿ ಸಂತೆಯಲ್ಲಿ ಸಿಕ್ಕಿದ್ದರು. ನೀವು ಯಾನ್‌ನಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೀರಂತೆ. ವಿಳಾಸವನ್ನು ಅವರೇ ಮೀನು ಕಟ್ಟಿದ ಕಾಗದದ ತುದಿಯಲ್ಲಿ ಬರೆದುಕೊಟ್ಟರು.

ನಮ್ಮ ಚಿಪ್ ಕಾರ್ಖಾನೆಯ ಹಳೆಯ ಕಟ್ಟಡವನ್ನು ಖಾಲಿ ಮಾಡುತ್ತಿದ್ದಾರೆ. ಎರಡನೇ ಮಹಡಿಯಲ್ಲಿ ನಾವು ಸರ್ಕಿಟ್ ನಕ್ಷೆ ಬಿಡಿಸುತ್ತಿದ್ದ ಕೋಣೆ ನೆನಪಿದೆಯಲ್ಲ? ಕೆಳಗಿನಿಂದ ಬೆಳಕು ಬರುವ ಆ ದೊಡ್ಡ ಗಾಜಿನ ಮೇಜು ಇನ್ನೂ ಅಲ್ಲೇ ಇತ್ತು. ಈಗಿನ ಮಕ್ಕಳು ಪರದೆಯ ಮುಂದೆ ಕೂತು ಗೆರೆ ಎಳೆಯುತ್ತಾರೆ. ನಾವು ಮಂಡಿಯೂರಿ, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಹಸಿರು ಕೆಂಪು ನೀಲಿ ಪೆನ್ಸಿಲ್ ಹಿಡಿದು ಮೇಜಿನ ಮೇಲೇ ಹರಿದಾಡುತ್ತಿದ್ದೆವು ಎಂದರೆ ಅವರು ನಗುತ್ತಾರೆ. ಆಚೆ ಬೆವರು ಸುರಿಯುವ ಬಿಸಿಲು, ಒಳಗೆ ಏಸಿಯ ಚಳಿಗೆ ನಿಮ್ಮ ಮೈಮೇಲೆ ಆ ಕಂದು ಸ್ವೆಟರು!

ನಮ್ಮ ಎಂಟು ತಂತಿಯ ಸರ್ಕಿಟ್ ನೆನಪಾಯಿತು. ಮುದ್ರಣ ಯಂತ್ರದ ಎಂಟು ಸೂಜಿ ಒಂದರ ಮೇಲೊಂದು ನಿಂತಿರುತ್ತವೆ, ಅವಕ್ಕೆ ಅಕ್ಷರ ಕಂಬಸಾಲಾಗಿ ಬೇಕು. ಮೆಮೊರಿಯಲ್ಲೋ ಅಕ್ಷರ ಅಡ್ಡಸಾಲಾಗಿ ಕೂತಿರುತ್ತದೆ. ಎರಡರ ನಡುವೆ ಕೂತು ಸಾಲುಗಳನ್ನು ತಿರುಗಿಸಿಕೊಡುವುದು ನಮ್ಮ ಸರ್ಕಿಟ್‌ನ ಕೆಲಸ. ಆಗ ನಮ್ಮ ವಿಭಾಗ ನೋಡಿಕೊಳ್ಳುತ್ತಿದ್ದ ಚಿಯಾ ಸರ್ ಕ್ಯಾಂಟೀನಿನಿಂದ ಮೊಟ್ಟೆಯ ತಟ್ಟೆ ತಂದು ತೋರಿಸಿದ್ದರಲ್ಲ: "ಅಡ್ಡ ಸಾಲಲ್ಲಿ ತುಂಬಿ, ಉದ್ದ ಸಾಲಲ್ಲಿ ತೆಗೀರಿ. ಅಷ್ಟೇ ಕಣ್ರಮ್ಮಾ, ಇದಕ್ಯಾಕೆ ಇಷ್ಟು ಗಾಬರಿ?" ನೀವು ತಕ್ಷಣ, "ಸರ್, ಮೊಟ್ಟೆ ಒಡೆದ್ರೆ ಆಮ್ಲೆಟ್ ಆಗುತ್ತೆ. ತಂತಿ ತಪ್ಪಿದ್ರೆ ಏನಾಗುತ್ತೆ?" ಅಂದಿರಿ. ಕೋಣೆಯೆಲ್ಲ ನಕ್ಕಿತು.

ಸಾಮಾನು ತೆಗೆಯುವಾಗ ನಮ್ಮ ಹಳೆಯ ನಕ್ಷೆಯ ಸುರುಳಿ ಸಿಕ್ಕಿತು. ಅದಕ್ಕೇ ಬರೆಯಬೇಕೆನಿಸಿತು. ನಿಮಗೆ ಇಷ್ಟವಿದ್ದರೆ ಮಾತ್ರ ಉತ್ತರಿಸಿ.

ನಿಮ್ಮ
ಬೀ ಸುವಾನ್


ಯಾನ್, ಕೆಡಾ
೨೬ ಏಪ್ರಿಲ್ ೧೯೯೭

ಸುವಾನ್‌ಗೆ ಸಲಾಂ.

ಯಾವಾಗಿನಿಂದ ನಾನು ನಿನಗೆ "ನೀವು" ಆದೆ? ನನ್ನ ಬುತ್ತಿಯಿಂದ ಕೇಳದೆ ಮೀನು ಎತ್ತಿ ತಿನ್ನುತ್ತಿದ್ದವಳು ನೀನು. ಮುಂದಿನ ಕಾಗದದಲ್ಲೂ ಹೀಗೇ ಮರ್ಯಾದೆ ಕೊಟ್ಟರೆ ಹರಿದು ಹಾಕುತ್ತೇನೆ.

ನಾನು ಚೆನ್ನಾಗಿದ್ದೇನೆ. ನಮ್ಮವರು ಈಗಲೂ ಅಲೋರ್ ಸ್ಟಾರ್ ಬಸ್ಸು ಓಡಿಸುತ್ತಾರೆ. ನಾನು ಬಿಳಿ ಅಂಗಿ, ನೀಲಿ ಲಂಗ ಹೊಲಿಯುತ್ತೇನೆ. ಊರಿನ ಅರ್ಧ ಮಕ್ಕಳು ನನ್ನ ಗುಂಡಿ ಹಾಕಿಕೊಂಡೇ ಶಾಲೆಗೆ ಹೋಗುವುದು. ನಿನ್ನ ಕಾಗದ ಬಂದ ದಿನ ಹೊಲಿಗೆ ಬದಿಗಿಟ್ಟು ಅದನ್ನು ಮೂರು ಸಲ ಓದಿದೆ. ಆ ಕೋಣೆಯ ವಾಸನೆಯೇ ಬಂದಂತಾಯಿತು, ನಕ್ಷೆಯ ಪ್ರತಿ ತೆಗೆಯುವ ಯಂತ್ರದ ಆ ಮೂಗು ಉರಿಯುವ ಅಮೋನಿಯ. ಸಂಜೆ ಹೊತ್ತು ನಾವು ಒಬ್ಬರು ಓದಿ ಒಬ್ಬರು ಗುರುತು ಹಾಕುತ್ತಿದ್ದೆವಲ್ಲ, "ಸೊನ್ನೆ?" "ಸೊನ್ನೆಗೆ." "ಒಂದು?" "ಒಂದಕ್ಕೆ." ಪ್ರಾರ್ಥನೆಯ ಹಾಗೆ. ಮೇಜಿನ ನಾಲ್ಕೂ ಕಡೆ ಜನ, ಹಾಳೆಗೆ ಮೇಲು ಯಾವುದು ಕೆಳಗು ಯಾವುದು ಎಂದು ಜಗಳ ಹತ್ತಿದಾಗ ನಾನೇ ಅಲ್ಲವೇ ಕಾನೂನು ಮಾಡಿದ್ದು? "ಸೊನ್ನೆ ಯಾವತ್ತೂ ಕಿಟಕಿ ಕಡೆಗೆ. ಯಾರೂ ವಾದ ಮಾಡ್ಬಾರ್ದು." ಅದು ಇಡೀ ವಿಭಾಗದ ಕಾನೂನೇ ಆಗಿಹೋಯಿತು.

ಕಾನೂನು ಮಾಡಿದವಳೇ ಕೊನೆಗೆ ತಪ್ಪಿದೆ. ನೋಡು, ಆ ದಿನದ ಬಗ್ಗೆ ನಿನ್ನ ಹತ್ತಿರ ನಾನು ಕ್ಷಮೆ ಕೇಳಲೇ ಇಲ್ಲ. ನಾನು ಮಾಡಿದ ಅರ್ಧ, ನೀನು ಮಾಡಿದ ಅರ್ಧ, ಎರಡೂ ಕೂಡುವ ಅಂಚಿನಲ್ಲಿ ನನ್ನ ಎಂಟು ತಂತಿ ಉಲ್ಟಾ ಹೋಗಿ ನಿನ್ನ ಒಂದು ವರ್ಷದ ದುಡಿಮೆಯೂ ಹಾಳಾಯಿತು. ಮುಖ್ಯ ಕಚೇರಿಯ ದೊಡ್ಡವರ ಮುಂದೆ "ಸುಸ್ವಾಗತ" ಎಂಬ ಮಾತು ಕೆರೆಯ ನೀರಿನಲ್ಲಿ ಕಂಡ ಹಾಗೆ ತಲೆಕೆಳಗಾಗಿ ಮುದ್ರಣವಾಯಿತಲ್ಲ, ಅದನ್ನು ನಾನು ಈಗಲೂ ಕನಸಿನಲ್ಲಿ ಓದುತ್ತೇನೆ.

ಮಗಳು ಸಲ್ವಾಗೆ ಹದಿನೆಂಟು. ಗಣಿತದಲ್ಲಿ ಬಹಳ ಜಾಣೆ. ಜೊಹೋರಿನ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಲು ಸೀಟು ಸಿಗುವ ಹಾಗಿದೆ. ನಾನು ಬೇಡ ಎಂದಿದ್ದೇನೆ. ಇಲ್ಲೇ ಹತ್ತಿರ ಶಿಕ್ಷಕರ ತರಬೇತಿಯೂ ಇದೆ, ಸಾಕು. ಅಪ್ಪ ಜಾವಿ ಲಿಪಿ ಕಲಿಸುತ್ತಿದ್ದವರು. ಬಲದಿಂದ ಎಡಕ್ಕೆ ಬರೆಯುವುದು ನನ್ನ ಕೈಗೆ ಮೊದಲು ಬಂತು, ನನ್ನಿಂದ ಅವಳಿಗೂ. ಚಿಯಾ ಸರ್ ಅಂದ ಮಾತು ನಿನಗೆ ನೆನಪಿರಬಹುದು. ನಮ್ಮಂಥ ಕೈಗೆ ಆ ಕೆಲಸ ಒಗ್ಗುವುದಿಲ್ಲ.

ಸಿಕ್ಕಿದ ಸುರುಳಿಯಲ್ಲಿ ಆ ಕೂಡುವ ಅಂಚಿನ ಹಾಳೆ ಇದ್ದರೆ ಕಳಿಸಬೇಡ. ನೋಡುವ ಧೈರ್ಯ ನನಗಿಲ್ಲ.

ರೋಕಿಯಾ


ಜೆಲುಟಾಂಗ್
೪ ಮೇ ೧೯೯೭

ರೋಕಿಯಾ ಅಕ್ಕ,

ನೀನು, ನೀನು, ನೀನು. ಆಯಿತೇ?

ಸಲ್ವಾಳನ್ನು ಕಳಿಸು ಅಕ್ಕ. ಅಷ್ಟು ಹಳೆಯ ಮಾತನ್ನು ಅವಳ ತಲೆಗೆ ಯಾಕೆ ಕಟ್ಟುತ್ತೀಯ? ಜಾವಿಗೂ ತಂತಿಗೂ ಏನು ಸಂಬಂಧ? ಚಿಯಾ ಸರ್ ಬಾಯಿಗೆ ಬಂದದ್ದು ಆಡುವವರು. ತಪ್ಪು ಯಾರದು ಎಂದು ಆ ದಿನ ಯಾರಾದರೂ ನಕ್ಷೆ ಬಿಚ್ಚಿ ನೋಡಿದರೇ? ಯಾರದೂ ಆಗಿರಬಹುದಿತ್ತು.

ಒಂದು ಡಬ್ಬಿ ಬಣ್ಣದ ಪೆನ್ಸಿಲ್ ಕಳಿಸಿದ್ದೇನೆ, ಸಲ್ವಾಗೆ. ಹೆಚ್ಚು ಬರೆಯಲು ಇವತ್ತು ಬಿಡುವಿಲ್ಲ.

ಸುವಾನ್


ಯಾನ್
೧೭ ಮೇ ೧೯೯೭

ಸುವಾನ್,

ಪೆನ್ಸಿಲ್ ಬಂತು. ಹುಡುಗಿ ಹದಿನೆಂಟು ವರ್ಷದವಳು, ಐದು ವರ್ಷದವಳಲ್ಲ.

"ಯಾರದೂ ಆಗಿರಬಹುದಿತ್ತು" ಎಂದು ಬರೆದಿದ್ದೀಯ. ಸಮಾಧಾನ ಹೇಳುವುದಕ್ಕೂ ಒಂದು ಮಿತಿ ಇದೆ. ಚಿಯಾ ಸರ್ "ಯಾರ್ದಿದು?" ಎಂದು ಎರಡು ಸಲ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನಾನು ದೊಡ್ಡವಳು, ಸುಮ್ಮನಿರಲಾಗಲಿಲ್ಲ. "ನಂದೇ ಇರ್ಬೇಕು ಸರ್" ಅಂದೆ. ಅವರು, "ಬಲದಿಂದ ಬರೆದು ಕಲಿತ ಕೈ ಅಲ್ವಾ, ಉಲ್ಟಾ ಬರೋದು ಸಹಜ ಬಿಡಿ" ಅಂದರು. ಬಂದ ದೊಡ್ಡವರೂ ನಕ್ಕರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ನಗು ಹೋಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರಲ್ಲ, ನನ್ನದು ಎಂಟು ತಂತಿಗೆ ಹೋಯಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹಾಳೆಗಳನ್ನು ಹುಡುಕಿದ್ದೆ. ಎಲ್ಲಿ ತಪ್ಪಿದೆ ಎಂದು ಕಣ್ಣಾರೆ ನೋಡಿದರೆ ಮನಸ್ಸಿಗೆ ಒಂದು ನೆಲೆ ಸಿಗುತ್ತದೆ ಎಂದುಕೊಂಡಿದ್ದೆ. ಕಪಾಟಿನಲ್ಲಿ ಇರಲಿಲ್ಲ. ಆಗಲೇ ಎಸೆದಿದ್ದಾರೆ ಎಂದುಕೊಂಡೆ. ವಾರ ಕಳೆಯುವುದರೊಳಗೆ ನನ್ನನ್ನು ಮತ್ತೆ ಕೆಳಗೆ, ಸೂಕ್ಷ್ಮದರ್ಶಕದ ಸಾಲಿಗೆ ಕಳಿಸಿದರು. ಅಲ್ಲಿಂದ ಮೇಲೆ ಬರಲು ನನಗೆ ಆರು ವರ್ಷ ಹಿಡಿದಿತ್ತು. ಚಿನ್ನದ ತಂತಿ ಬೆಸೆಯುತ್ತ ಪಕ್ಕದ ಹುಡುಗಿಯರು, "ಅಕ್ಕಾ, ಇದನ್ನಾದ್ರೂ ನೆಟ್ಟಗೆ ಹಾಕಿ" ಅನ್ನುತ್ತಿದ್ದರು. ನಾಲ್ಕು ತಿಂಗಳಿಗೆ ಬಿಟ್ಟು ಬಂದೆ. ನೀನು ಆಗ ಒಸಾಕಾದಲ್ಲಿ ತರಬೇತಿಯಲ್ಲಿದ್ದೆ.

ಸೀಟು ಬಂದಿದೆ. ಒಪ್ಪಿಗೆ ಪತ್ರಕ್ಕೆ ನನ್ನ ಸಹಿ ಹಾಕಿ ಜೂನ್ ಹದಿನಾಲ್ಕರೊಳಗೆ ಅಂಚೆಗೆ ಹಾಕಬೇಕಂತೆ. ನಾನು ಹಾಕುವುದಿಲ್ಲ. ಅವಳ ಮೇಲೆ ಯಾರೂ ಹಾಗೆ ನಗಬಾರದು. ಇನ್ನು ಈ ವಿಷಯದಲ್ಲಿ ನನಗೆ ಬುದ್ಧಿ ಹೇಳಬೇಡ.

ರೋಕಿಯಾ


ಯಾನ್
೨೨ ಮೇ ೧೯೯೭

ಬೀ ಸುವಾನ್ ಚಿಕ್ಕಮ್ಮನಿಗೆ,

ನಾನು ಸಲ್ವಾ. ಅಮ್ಮನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಪೆನ್ಸಿಲ್‌ಗಳಿಗೆ ಥ್ಯಾಂಕ್ಸ್.

ನಮ್ಮ ಮನೆಯಲ್ಲಿ ಒಂದು ವಾರದಿಂದ ಮಾತಿಲ್ಲ. ನಿನ್ನೆ ನಾನೇ ಕೇಳಿದೆ: "ಅಮ್ಮಾ, ನಾನು ಫೇಲ್ ಆಗ್ತೀನಿ ಅಂತ ಭಯಾನಾ?"

"ಫೇಲ್ ಆದ್ರೆ ಪರ್ವಾಗಿಲ್ಲ ಕಣೇ. ಪಾಸಾಗಿ ಕೆಲಸಕ್ಕೆ ಹೋಗಿ, ಎಲ್ಲರ ಮುಂದೆ ಒಂದಿನ ನಿನ್ನ ಕೈ ಉಲ್ಟಾ ಹೋದ್ರೆ?"

"ನನ್ನ ಕೈ ಯಾಕೆ ಉಲ್ಟಾ ಹೋಗುತ್ತೆ?"

"ನಂದು ಹೋಯ್ತಲ್ಲ. ನಾನೇನು ದಡ್ಡೀನಾ?"

ಅಮ್ಮ ದಡ್ಡಿ ಅಲ್ಲ, ನನಗೆ ಗೊತ್ತಿರುವವರಲ್ಲಿ ಅವಳಷ್ಟು ಚೊಕ್ಕ ಕೆಲಸದವರು ಇನ್ನೊಬ್ಬರಿಲ್ಲ. ಅದಕ್ಕೇ ನನಗೆ ಅರ್ಥವಾಗುತ್ತಿಲ್ಲ. ಆ ದಿನ ನೀವೂ ಇದ್ದಿರಿ. ನಿಜವಾಗಿ ಏನಾಯಿತು? ನಕ್ಷೆ ನಿಮ್ಮ ಹತ್ತಿರ ಇದೆ ಎಂದಿರಂತೆ. ಅಮ್ಮ ನೋಡದಿದ್ದರೆ ಬೇಡ, ನಾನು ನೋಡಬಹುದೇ?

ಇಂತಿ,
ಸಲ್ವಾ ಬಿಂತಿ ದೆರಮಾನ್


ಜೆಲುಟಾಂಗ್
೩೦ ಮೇ ೧೯೯೭

ರೋಕಿಯಾ ಅಕ್ಕ,

ಈ ಕಾಗದದ ಜೊತೆ ಮೂರು ಹಾಳೆ ಇವೆ. ಚಿಯಾ ಸರ್ ಕೊಟ್ಟ ಮೂಲ ಯೋಜನೆ, ನಿನ್ನ ಅರ್ಧದ ಪ್ರತಿ, ನನ್ನ ಅರ್ಧದ ಪ್ರತಿ. ನೀನು ಬೇಡ ಎಂದಿದ್ದೆ, ಆದರೂ ಕಳಿಸಿದ್ದೇನೆ. ತಪ್ಪು ನನ್ನದು. ನಿನ್ನದಲ್ಲ.

ಸುತ್ತಿ ಬಳಸಿ ಬರೆಯುವುದಿಲ್ಲ. ಚೀನೀ ಹೊಸ ವರ್ಷದ ಹಿಂದಿನ ವಾರ ನನ್ನ ಮೇಜಿನ ಮೇಲೆ ಏಸಿ ಸೋರುತ್ತಿತ್ತು. ನಾನು ಹಾಳೆಯನ್ನು ಹಾಗೆಯೇ ಎತ್ತಿಕೊಂಡು ಎದುರಿನ ಸೆಲ್ಲದುರೈ ಕೋಣೆಗೆ ಹೋದೆ, ತಿರುಗಿಸದೆ ಅಲ್ಲಿನ ಮೇಜಿಗೆ ಅಂಟಿಸಿದೆ. ನಮ್ಮ ಕೋಣೆಯ ಕಿಟಕಿ ಬೆಟ್ಟದ ಕಡೆಗೆ, ಅವರ ಕೋಣೆಯದು ಸಮುದ್ರದ ಕಡೆಗೆ. ನಿನ್ನ ಕಾನೂನಿನಂತೆ ಕಿಟಕಿಯ ಕಡೆಯಿಂದ ಸೊನ್ನೆ, ಒಂದು, ಎರಡು ಎಂದು ಅಂಕಿ ಹಾಕಿದೆ. ಆ ಸಂಜೆ ನೀನು ನಮ್ಮ ಕೋಣೆಯಿಂದ ಕೂಗಿದೆ, ನಾನು ಆ ಎದುರು ಕೋಣೆಯ ಬಾಗಿಲಿಂದ ಉತ್ತರಿಸಿದೆ. "ಸೊನ್ನೆ?" "ಸೊನ್ನೆಗೆ." ಅಂಕಿಗಳೆಲ್ಲ ಸರಿಯಾಗಿಯೇ ಕೂಡಿದವು. ಈ ಪ್ರತಿಗಳನ್ನು ತೆಗೆದಾದ ಮೇಲೆ, ನಕ್ಷೆಯನ್ನು ಚಿಪ್‌ಗೆ ಇಳಿಸುವ ಫೋಟೋಕ್ಕೆ ಕಳಿಸುವ ಮುನ್ನ, ಮೂಲ ಹಾಳೆಗಳ ಅಂಚಿನ ಪೆನ್ಸಿಲ್ ಅಂಕಿ ಒರೆಸಿದೆವು. ಬರೀ ಗೆರೆಗಳು ಉಳಿದವು, ನಿನ್ನ ಸೊನ್ನೆಗೆ ನನ್ನ ಏಳು ಹೋಗಿ ಕೂತಿತು.

ಮೂಲ ಯೋಜನೆಯಲ್ಲಿ ಸೊನ್ನೆಯ ಪಕ್ಕದಲ್ಲಿ ಕರೆಂಟಿನ ದಪ್ಪ ಗೆರೆ ಇದೆ. ನಿನ್ನ ಹಾಳೆಯಲ್ಲೂ ಹಾಗೆಯೇ ಇದೆ. ನನ್ನದರಲ್ಲಿ ದಪ್ಪ ಗೆರೆಯ ಪಕ್ಕ ಏಳು. ಸಲ್ವಾ ನೋಡಲಿ, ಒಂದು ನಿಮಿಷ ಸಾಕು.

ಇನ್ನೂ ಕೆಟ್ಟದ್ದು ಹೇಳುತ್ತೇನೆ. ಅಕ್ಷರ ತಲೆಕೆಳಗಾಗಿ ಹೊರಬಂದ ಕ್ಷಣವೇ ನನಗೆ ಗೊತ್ತಾಯಿತು. ಸಮುದ್ರದ ಕಡೆಯ ಆ ಕಿಟಕಿ ಕಣ್ಣ ಮುಂದೆ ಬಂತು. ಚಿಯಾ ಸರ್ ಎರಡು ಸಲ ಕೇಳಿದಾಗ ನನ್ನ ನಾಲಿಗೆ ಅಂಗುಳಿಗೆ ಅಂಟಿತ್ತು. ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಅಲ್ಲಿ ಹೆಗಲು ಮುಟ್ಟಿಕೊಂಡವಳು ನೀನು, ಕಾಯಿ ಕದ್ದವಳು ನಾನು ಪಕ್ಕದಲ್ಲೇ ನಿಂತಿದ್ದೆ. ಎರಡು ವಾರದಲ್ಲಿ ಒಸಾಕಾಕ್ಕೆ ಹೋಗಬೇಕಿತ್ತು. ಅಮ್ಮ ಬೀದಿಗೆಲ್ಲ ಹೇಳಿಕೊಂಡಿದ್ದಳು. ವಾಪಸ್ ಬಂದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಬಂದಾಗ ನೀನು ಇರಲಿಲ್ಲ. ಆಮೇಲೆ ವರ್ಷ ಕಳೆದಷ್ಟೂ ಹೇಳುವುದು ಕಷ್ಟವಾಯಿತು.

ನೀನು ಮರುದಿನ ಹುಡುಕಿದ ಹಾಳೆಗಳನ್ನು ಯಾರೂ ಎಸೆದಿರಲಿಲ್ಲ. ಆ ಸಂಜೆಯೇ ನಾನು ಕೊಡೆಯೊಳಗೆ ಸುತ್ತಿ ಮನೆಗೆ ತಂದಿದ್ದೆ. ಕಟ್ಟಡ ಖಾಲಿ ಮಾಡುವಾಗ ಸಿಕ್ಕಿತು ಎಂದು ಬರೆದದ್ದು ಸುಳ್ಳು. ಹದಿಮೂರು ವರ್ಷ ಅವು ನನ್ನ ಬೀರುವಿನ ಮೇಲೆಯೇ ಇದ್ದವು.

ನೀನು ನನ್ನ ಹತ್ತಿರ ಕ್ಷಮೆ ಕೇಳಿದ ಕಾಗದ ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಆದರೂ ಪೆನ್ಸಿಲ್ ಡಬ್ಬಿ ಕಳಿಸಿ ಸುಮ್ಮನಾಗಲು ನೋಡಿದೆ. ನಾನು ಎಂಥವಳು ಎಂದು ನಿನಗೆ ಈಗ ಗೊತ್ತಾಯಿತು.

ನನಗೆ ಏನು ಬೇಕಾದರೂ ಶಿಕ್ಷೆ ಕೊಡು. ಹದಿನಾಲ್ಕರೊಳಗೆ ಸಹಿ ಮಾತ್ರ ಹಾಕು.

ಸುವಾನ್


ಜೆಲುಟಾಂಗ್
೧೦ ಜೂನ್ ೧೯೯೭

ಅಕ್ಕ,

ಹತ್ತು ದಿನವಾಯಿತು. ಹಾಳೆಗಳು ತಲುಪಿದವೇ? ನನಗೆ ಉತ್ತರ ಬೇಡ. ಇನ್ನು ನಾಲ್ಕೇ ದಿನ ಉಳಿದಿದೆ. ಅವಳ ಒಪ್ಪಿಗೆ ಪತ್ರ ಹೋಯಿತೋ ಇಲ್ಲವೋ, ಒಂದು ಪದ ಬರೆ. "ಹೋಯಿತು" ಅಂದರೆ ಸಾಕು.

ಸು.


ಯಾನ್
೬ ಜುಲೈ ೧೯೯೭

ಸುವಾನ್,

ಹೋಯಿತು. ಹದಿಮೂರನೇ ತಾರೀಕು, ನಮ್ಮವರು ತಮ್ಮ ಬಸ್ಸಿನಲ್ಲೇ ಅಲೋರ್ ಸ್ಟಾರ್‌ಗೆ ಒಯ್ದು ದೊಡ್ಡ ಅಂಚೆ ಕಚೇರಿಯಲ್ಲಿ ಹಾಕಿದರು. ಅದನ್ನು ನಿನಗೆ ಆ ದಿನವೇ ಬರೆಯಬಹುದಿತ್ತು. ಬೇಕೆಂದೇ ಬರೆಯಲಿಲ್ಲ. ಒಂದು ತಿಂಗಳಾದರೂ ನೀನು ಕಾಯಲಿ ಎನಿಸಿತು.

ನಿನ್ನ ಲಕೋಟೆಯನ್ನು ನಾನು ಒಡೆದೆ, ಕಾಗದ ಓದಿದೆ, ಹಾಳೆಗಳನ್ನು ಮುಟ್ಟಲಿಲ್ಲ. ಸಲ್ವಾ ಅವನ್ನು ಹೊಲಿಗೆ ಮೇಜಿನ ಮೇಲೆ ಹಾಸಿದಳು. ನಾನು ಬಾಗಿಲ ಹತ್ತಿರ ಬೆನ್ನು ಮಾಡಿ ನಿಂತಿದ್ದೆ.

"ಅಮ್ಮಾ, ಈ ದಪ್ಪ ಗೆರೆ ಕರೆಂಟಿಂದಾ?"

"ಹೂಂ."

"ಸರ್ ಕಾಗದದಲ್ಲಿ ಅದರ ಪಕ್ಕ ಸೊನ್ನೆ. ನಿಂದರಲ್ಲೂ ಸೊನ್ನೆ. ಅವರದ್ರಲ್ಲಿ ಏಳು."

"ಇನ್ನೊಂದ್ಸಲ ನೋಡು."

"ನೋಡ್ದೆ."

"ಸರಿಯಾಗಿ ನೋಡೇ, ಅವಸರ ಮಾಡ್ಬೇಡ."

"ಅಮ್ಮಾ, ನಿಂದು ಸರಿಯಾಗೇ ಇತ್ತು. ಮೊದ್ಲಿಂದ್ಲೂ ಸರಿಯಾಗೇ ಇತ್ತು."

ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಸಿಟ್ಟು. ಅಂಥ ಸಿಟ್ಟು ನನಗೆ ಜೀವನದಲ್ಲೇ ಬಂದಿರಲಿಲ್ಲ. ನಿನ್ನ ಕಾಗದವನ್ನು ಒಲೆಗೆ ಹಾಕಲು ಹೋದೆ, ಸಲ್ವಾ ಕೈ ಹಿಡಿದಳು. "ಅದು ಸಾಕ್ಷಿ ಅಮ್ಮಾ" ಅಂದಳು. ಈಗ ಅದು ಅವಳ ಪೆಟ್ಟಿಗೆಯಲ್ಲಿದೆ.

ಕೆಲಸ ಹೋದದ್ದಕ್ಕೆ ನನಗೆ ನಿನ್ನ ಮೇಲೆ ಅಷ್ಟು ಕೋಪವಿಲ್ಲ. ಹೊಲಿಗೆ ನನಗೆ ಅನ್ನ ಕೊಟ್ಟಿದೆ. ಆದರೆ ನಿನಗೆ ಒಂದು ವಿಷಯ ಗೊತ್ತಿಲ್ಲ, ಯಾರಿಗೂ ಹೇಳಿಲ್ಲ. ಹದಿಮೂರು ವರ್ಷದಲ್ಲಿ ನಾನು ಒಂದು ಅಂಗಿಯನ್ನೂ ನನ್ನ ಅಳತೆ ನಂಬಿ ಕತ್ತರಿಸಿಲ್ಲ. ಟೇಪು ಹಿಡಿದು ಅಳೆದು, ಮಗಳನ್ನು ಕರೆದು, "ಎಷ್ಟಿದೆ ಹೇಳು" ಎಂದು ಕೇಳುತ್ತಿದ್ದೆ. ಅವಳು ಶಾಲೆಗೆ ಹೋಗಿದ್ದರೆ ಪಕ್ಕದ ಮನೆಯ ಮುದುಕಿಯನ್ನು ಕರೆಯುತ್ತಿದ್ದೆ, ಅವಳಿಗೆ ಕಣ್ಣೇ ಕಾಣುವುದಿಲ್ಲ. ಆದರೂ ನನ್ನ ಕಣ್ಣಿಗಿಂತ ಅವಳ ಕಣ್ಣನ್ನೇ ನಂಬಿದೆ. ಕೂದಲಿಗಿಂತ ಸಣ್ಣ ತಂತಿಯನ್ನು ಬೆಸೆದ ಕೈ ಇದು ಸುವಾನ್. ನನ್ನ ಕೈಯನ್ನು ನನ್ನಿಂದ ಕಿತ್ತುಕೊಂಡು ನೀನು ಬೀರುವಿನ ಮೇಲೆ ಇಟ್ಟುಕೊಂಡೆ. ಸ್ವಲ್ಪದರಲ್ಲೇ ನನ್ನ ಮಗಳದ್ದನ್ನೂ ನಾನೇ ಕಿತ್ತುಕೊಳ್ಳುತ್ತಿದ್ದೆ.

ಕ್ಷಮಿಸಿದೆ ಎಂದು ಬರೆಯಲಾರೆ. ಬರೆದರೆ ಸುಳ್ಳಾಗುತ್ತದೆ, ನಮ್ಮಿಬ್ಬರ ನಡುವೆ ಆದ ಸುಳ್ಳು ಸಾಕು.

ಮೊನ್ನೆ ಶುಕ್ರವಾರ ಸಲ್ವಾಳನ್ನು ಜೊಹೋರಿಗೆ ಬಿಟ್ಟು ಬಂದೆ. ಹಾಸ್ಟೆಲಿನ ಕೋಣೆ ಚಿಕ್ಕದು, ಫ್ಯಾನು ಸದ್ದು ಮಾಡುತ್ತದೆ. ನಾನು ಹೊರಡುವಾಗ ಅವಳು ಅಳಲಿಲ್ಲ, ಆಗಲೇ ಪಕ್ಕದ ಹುಡುಗಿಯ ಹತ್ತಿರ ಯಾವುದೋ ಲೆಕ್ಕದ ಜಗಳ ತೆಗೆದಿದ್ದಳು. ರಾತ್ರಿಯಿಡೀ ಬಸ್ಸು, ಬೆಳಿಗ್ಗೆ ಬಟರ್‌ವರ್ತ್‌ನಲ್ಲಿ ಇಳಿದೆ. ನೀರಿನಾಚೆ ಎದುರಿಗೇ ಪಿನಾಂಗ್ ದ್ವೀಪ. ನಿನ್ನ ಮನೆಗೆ ಎಷ್ಟು ದೂರ, ಅರ್ಧ ಗಂಟೆ? ನಾನು ದೋಣಿಯ ಕಟ್ಟೆಗೆ ನಡೆದು ಹೋಗಿ ಬೆಂಚಿನ ಮೇಲೆ ಕೂತೆ. ಒಂದು ದೋಣಿ ಹೋಯಿತು. ಎರಡನೆಯದೂ ಹೋಯಿತು. ಬಾಗಿಲು ಹಾಕುವವನು, "ಅಮ್ಮಾ, ಬರ್ತೀರೋ ಇಲ್ವೋ?" ಎಂದು ಕೇಳಿದ. "ಗೊತ್ತಿಲ್ಲಪ್ಪಾ" ಅಂದೆ. ನಾಲ್ಕು ದೋಣಿ ಹೋಗುವವರೆಗೂ ಕೂತಿದ್ದೆ. ನಿನ್ನನ್ನು ನೋಡಿದರೆ ಹೊಡೆಯುತ್ತೇನೋ, ತಬ್ಬಿಕೊಂಡು ಅಳುತ್ತೇನೋ ನನಗೇ ತಿಳಿಯಲಿಲ್ಲ. ಆಮೇಲೆ ಎದ್ದು ಯಾನ್ ಬಸ್ಸು ಹತ್ತಿದೆ.

ಮುಂದಿನ ತಿಂಗಳ ಹದಿನೇಳಕ್ಕೆ, ಭಾನುವಾರ, ಅವಳನ್ನು ನೋಡಿಕೊಂಡು ಅದೇ ದಾರಿಯಲ್ಲಿ ಹಿಂತಿರುಗುತ್ತೇನೆ. ದೋಣಿ ಹತ್ತುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಆದರೆ ಅವತ್ತು ನೀನು ಎಲ್ಲೂ ಹೋಗಬೇಡ. ಮನೆಯಲ್ಲೇ ಇರು.

ರೋಕಿಯಾ